ಕುಂಕುಮದ ಕೆಂಪಿಗೆ ಬೇರೆ ಡಬ್ಬಿ ಇಲ್ಲ

ಮನೆಯಲ್ಲಿರುವ ಬಣ್ಣದ ಲಗ್ನಪತ್ರಿಕೆಯೊಂದನ್ನು ತೆಗೆದು, ಅದರ ಗಣಪತಿಯ ಸೊಂಡಿಲನ್ನು ಭೂತಗನ್ನಡಿಯಲ್ಲಿ ನೋಡಿ. ಮೈಬಣ್ಣ ಎಲ್ಲೂ ಸಿಗುವುದಿಲ್ಲ, ಬರೀ ಚುಕ್ಕೆ. ನೀಲಿ ಛಾಯೆಯ ಸಯಾನ್, ಗುಲಾಬಿಯಂಥ ಮಜೆಂಟಾ, ಹಳದಿ, ಕಪ್ಪು ಇಷ್ಟೇ ಶಾಯಿ. ಹಣೆಯ ಕುಂಕುಮಕ್ಕೂ ಕೆಂಪು ಡಬ್ಬಿಯಿಲ್ಲ. ಹಳದಿ, ಮಜೆಂಟಾ ಒಂದರ ಮೇಲೊಂದು ಕೂತು ಆದ ಕೆಂಪು ಅದು. ಬಂಗಾರದ ಬಣ್ಣ ಮಾತ್ರ ಈ ನಾಲ್ಕಕ್ಕೆ ಜಗ್ಗುವುದಿಲ್ಲ, ಅದಕ್ಕೆ ಐದನೆಯ ಶಾಯಿಯೇ ಬೇಕು.

ಇಂಥ ಕೆಲಸಕ್ಕೆ ‘ಮುದ್ರಣ ಕಾಶಿ’ ಎನಿಸಿಕೊಂಡ ಊರು ಗದಗ. ಸಂಕೇಶ್ವರ ಮನೆತನದ ಇಂಗ್ಲಿಷ್–ಕನ್ನಡ ನಿಘಂಟು ಹಿಡಿಯದ ವಿದ್ಯಾರ್ಥಿ ಈ ಕಡೆ ಅಪರೂಪ. ಅದೇ ಮನೆಯ ವಿಜಯ ಸಂಕೇಶ್ವರ ಮುದ್ರಣದಿಂದ ಹೊರಳಿ 1976ರಲ್ಲಿ ಒಂದು ಲಾರಿ ಹಿಡಿದವರು. ಆದರೂ ಶಾಯಿಯ ನಂಟು ಬಿಡಲಿಲ್ಲ, 1999ರಲ್ಲಿ ವಿಜಯ ಕರ್ನಾಟಕ, 2012ರಲ್ಲಿ ವಿಜಯವಾಣಿ ಬಂದವು. ತೋಂಟದಾರ್ಯ ಮಠದ ಪುಸ್ತಕ ಪ್ರಕಟಣೆಯನ್ನಂತೂ ಮರೆಯುವಂತಿಲ್ಲ. ಶಿರಹಟ್ಟಿಯ ಫಕೀರೇಶ್ವರ, ಮುಂಡರಗಿಯ ಅನ್ನದಾನೀಶ್ವರ ಮಠಗಳ ಜಾತ್ರೆಯಿರಲಿ, ಲಕ್ಷ್ಮೇಶ್ವರದ ಮದುವೆಯಿರಲಿ, ಅಚ್ಚಾದ ಕಾಗದ ಕೈಗೆ ಬರದೆ ಕರೆ ಕೊಟ್ಟಂತೆ ಆಗುವುದಿಲ್ಲ.

ಮೊಳೆ ಜೋಡಿಸುವ ಕಾಲದ ಕಂಪೋಜಿಟರು ಅಕ್ಷರವನ್ನು ತಿರುವುಮುರುವಾಗಿ ಓದುತ್ತಿದ್ದರು, ಒತ್ತಕ್ಷರ ಸಮೇತ. ಆಫ್‌ಸೆಟ್ ಪ್ಲೇಟಿನ ಮೇಲೆ ಅಕ್ಷರ ನೇರವಾಗಿಯೇ ಇರುತ್ತದೆ. ಪ್ಲೇಟು ಕಾಗದವನ್ನು ಮುಟ್ಟುವುದಿಲ್ಲ, ರಬ್ಬರ್ ಬ್ಲಾಂಕೆಟ್ಟಿಗೆ ಒತ್ತುತ್ತದೆ, ಅಲ್ಲಿಂದ ಕಾಗದಕ್ಕೆ. ಎಣ್ಣೆಗೂ ನೀರಿಗೂ ಆಗಿಬರದ ಹಳೇ ಜಗಳವೇ ಇದರ ಗುಟ್ಟು: ಚಿತ್ರವಿರುವ ಕಡೆ ಶಾಯಿ ಹತ್ತುತ್ತದೆ, ಉಳಿದೆಡೆ ನೀರು ನಿಂತು ಶಾಯಿಯನ್ನು ದೂರವಿಡುತ್ತದೆ. ನೀರು ಹೆಚ್ಚಾದರೆ ಬಣ್ಣ ಸಪ್ಪೆ, ಕಡಿಮೆಯಾದರೆ ಖಾಲಿ ಜಾಗಕ್ಕೂ ಮಸಿ.

ಎರಡು ಸೊಳ್ಳೆಪರದೆ ಒಂದರ ಮೇಲೊಂದು ಹಿಡಿದರೆ ಅಲೆಅಲೆ ಕಾಣುತ್ತದಲ್ಲ, ಚುಕ್ಕೆಗಳ ಸಾಲಿಗೂ ಅದೇ ಕಾಟ. ಅದಕ್ಕೇ ಕಪ್ಪನ್ನು 45 ಡಿಗ್ರಿ, ಮಜೆಂಟಾ 75, ಸಯಾನ್ 15, ಹಳದಿಯನ್ನು ಸೊನ್ನೆಗೆ ಓರೆ ಮಾಡುವ ರೂಢಿ. ಇಷ್ಟಾದರೂ ನಾಲ್ಕೂ ಬಣ್ಣ ಒಂದರ ಮೇಲೊಂದು ಸರಿಯಾಗಿ ಕೂರುವ ಹೊಂದಿಕೆ, ಅಂದರೆ ರಿಜಿಸ್ಟರ್, ಕೂದಲೆಳೆಯಷ್ಟು ಜರುಗಿದರೆ ವರನ ಮೀಸೆಗೆ ಗುಲಾಬಿ ಅಂಚು.

ಕೆಲಸ ಹುಡುಕಿ ಬರುವ ಹುಡುಗರು ಹೆಚ್ಚಾಗಿ ಡಿಟಿಪಿ ಕುರ್ಚಿ ನೋಡುತ್ತಾರೆ. ನನ್ನ ಕಣ್ಣಿಗೆ ಮಷಿನ್ ಪಕ್ಕದ ಜಾಗವೇ ದೊಡ್ಡದು. ಐಟಿಐ ಮಟ್ಟದಲ್ಲಿ ಆಫ್‌ಸೆಟ್ ಮಷಿನ್ ಮೈಂಡರ್, ಪ್ಲೇಟ್ ಮೇಕರ್ ತರಬೇತಿಗಳಿವೆ. ಬೆಂಗಳೂರಿನಲ್ಲಿ ಸರ್ಕಾರಿ ಮುದ್ರಣ ತಂತ್ರಜ್ಞಾನ ಸಂಸ್ಥೆಯಿದೆ. ನೂರು ಪ್ರತಿಯ ಲಗ್ನಪತ್ರಿಕೆಯನ್ನು ಪ್ಲೇಟೇ ಬೇಡದ ಡಿಜಿಟಲ್ ಮಷಿನ್ ಕಸಿದುಕೊಂಡಿದೆ, ಜಾತ್ರೆಯ ಗೋಡೆಯನ್ನು ಫ್ಲೆಕ್ಸ್. ಆದರೆ ಬೀಜದ ಪಾಕೀಟು, ಔಷಧದ ಪೆಟ್ಟಿಗೆ, ಮಿಠಾಯಿ ಡಬ್ಬಿ ಮೊಬೈಲಿನೊಳಗೆ ಹೋಗುವಂಥವಲ್ಲ. ಸಾವಿರಗಟ್ಟಲೆ ಬೇಕು, ಮೊದಲನೆಯದರ ಬಣ್ಣವೇ ಕಡೆಯದಕ್ಕೂ ಬರಬೇಕು.

ಗಿರಾಕಿ ಮಾತ್ರ ಮೊಬೈಲ್ ಮುಂದೆ ಹಿಡಿದು ‘ಇದ್ರಾಗಿನ ಹಸಿರು ಯಾಕ ಬಂದಿಲ್ರಿ’ ಅನ್ನುತ್ತಾನೆ. ಪರದೆಯ ಹಸಿರು ಬೆಳಕು, ಕಾಗದದ್ದು ಶಾಯಿ. ಎರಡೂ ಕೂಡುವುದಿಲ್ಲವೆಂದು ವಾದಿಸಿ ಗೆದ್ದ ಪ್ರಿಂಟರ್ ಯಾರೂ ಇರಲಿಕ್ಕಿಲ್ಲ. ಪ್ರಿಂಟರ್ ಹಾಳೆಯನ್ನು ಟ್ಯೂಬ್‌ಲೈಟಿನ ಕೆಳಗಿಂದ ಬಾಗಿಲಾಚೆಯ ಬಿಸಿಲಿಗೆ ತರುತ್ತಾನೆ, ಕಣ್ಣು ಕಿರಿದು ಮಾಡಿ ನೋಡುತ್ತಾನೆ, ಒಳಗೆ ಹೋಗಿ ಸಯಾನ್ ಕೀಲಿಯನ್ನು ಒಂದು ಎಳೆ ತಿರುವುತ್ತಾನೆ.