ಸರ್ಕಾರದ ಖರೀದಿಯೂ ಹವಾಮಾನವೂ

ದೇಶದೊಳಗಿನ ಗಿರಾಕಿಗಳಲ್ಲೆಲ್ಲಾ ಅತ್ಯಂತ ದೊಡ್ಡ ಗಿರಾಕಿಯು ಸರ್ಕಾರವೇ ಎಂಬುದನ್ನು ನಮ್ಮ ವಾಚಕರು ಬಲ್ಲರು. ರಸ್ತೆಗೆ ಬೇಕಾದ ಸಿಮೆಂಟು, ಸೇತುವೆಗೆ ಬೇಕಾದ ಉಕ್ಕು, ಕಚೇರಿಯ ದೀಪ, ಆಸ್ಪತ್ರೆಯ ಯಂತ್ರ, ಪಂಚಾಯಿತಿಯ ನೀರಿನ ಪಂಪು ಇವೆಲ್ಲವೂ ಪ್ರಜೆಗಳು ತೆತ್ತ ಹಣದಿಂದಲೇ ಕೊಳ್ಳಲ್ಪಡತಕ್ಕವು. ಆದಕಾರಣ, ಸರ್ಕಾರವು ಏನನ್ನು, ಯಾವ ನಿಯಮದ ಮೇಲೆ ಕೊಳ್ಳುತ್ತದೆ ಎಂಬುದು ಗುಮಾಸ್ತರ ಲೆಕ್ಕದ ಪುಸ್ತಕಕ್ಕೆ ಮಾತ್ರ ಸೇರಿದ ವಿಷಯವಲ್ಲ; ಅದು ರಾಷ್ಟ್ರನೀತಿಯ ವಿಷಯ.

ಈ ಸತ್ಯವನ್ನು ನಮ್ಮ ಹಿರಿಯರು ಬಹಳ ಹಿಂದೆಯೇ ಕಂಡಿದ್ದರು. ಪರಕೀಯ ಆಡಳಿತವು ತನಗೆ ಬೇಕಾದ ಸಾಮಾನನ್ನು ಲಂಡನ್ನಿನ ಮೂಲಕ ತರಿಸುತ್ತಿದ್ದಾಗ, ಭಾರತದ ಹಣವು ಭಾರತದ ಕೈಗಾರಿಕೆಗಳನ್ನು ಪೋಷಿಸಬೇಕೆಂದು ದೇಶಭಕ್ತರು ಪಟ್ಟು ಹಿಡಿದರು. 1918ರ ಕೈಗಾರಿಕಾ ಆಯೋಗದ ವರದಿಯೂ ಸಾಮಾನುಗಳನ್ನು ಇಲ್ಲಿಯೇ ಕೊಳ್ಳುವ ಏರ್ಪಾಡನ್ನು ಸೂಚಿಸಿತು. 1922ರಲ್ಲಿ ಇಂಡಿಯನ್ ಸ್ಟೋರ್ಸ್ ಡಿಪಾರ್ಟ್‌ಮೆಂಟು ಹುಟ್ಟಿತು. ಸಾಮಾನು ಯಾರದು ಎಂಬುದು ಅಂದಿನ ಪ್ರಶ್ನೆಯಾಗಿದ್ದಿತು. ಅದನ್ನು ತಯಾರಿಸುವಾಗಲೂ ಬಳಸುವಾಗಲೂ ಎಷ್ಟು ಇದ್ದಿಲು ಉರಿಯಿತು, ಎಷ್ಟು ಇಂಗಾಲಾಮ್ಲ ವಾಯು ಆಕಾಶಕ್ಕೆ ಏರಿತು ಎಂಬ ಪ್ರಶ್ನೆಯೂ ಇಂದು ಅದರೊಡನೆ ಸೇರಿದೆ.

ಈ ಪ್ರಶ್ನೆಯು ದೂರದ ದೇಶಗಳವರ ಚಪಲವೆಂದು ಯಾರೂ ತಿಳಿಯಕೂಡದು. 2023ರಲ್ಲಿ ಮಳೆ ಕೈಕೊಟ್ಟು, ಕರ್ನಾಟಕದ 236 ತಾಲ್ಲೂಕುಗಳ ಪೈಕಿ 223ನ್ನು ಬರಪೀಡಿತವೆಂದು ಸಾರಬೇಕಾಯಿತು. ಬಿಸಿಯೇರಿದ ಜಗತ್ತಿನಲ್ಲಿ ಅತಿವೃಷ್ಟಿ ಅನಾವೃಷ್ಟಿಗಳೆರಡೂ ಉಗ್ರವಾಗುವುವೆಂದು ವಿಜ್ಞಾನಿಗಳು ಎಚ್ಚರಿಸುತ್ತಿದ್ದಾರೆ. 2070ರೊಳಗೆ ನಿವ್ವಳ ಹೊರಸೂಸುವಿಕೆಯನ್ನು ಶೂನ್ಯಕ್ಕೆ ಇಳಿಸುವುದಾಗಿ ಭಾರತವು 2021ರಲ್ಲಿ ಗ್ಲಾಸ್ಗೋ ನಗರದಲ್ಲಿ ಮಾತು ಕೊಟ್ಟಿತು. ಕೊಟ್ಟ ಮಾತು ಟೆಂಡರಿನ ಕಾಗದದಲ್ಲಿ ಕಾಣದಿದ್ದರೆ ಮತ್ತೆಲ್ಲಿ ಕಾಣಬೇಕು?

ಆದರೆ ಟೆಂಡರಿನ ರೂಢಿಯೋ ಅತ್ಯಂತ ಕಡಿಮೆ ಬೆಲೆಯವನಿಗೇ ಮಣೆ ಹಾಕುವುದು. 1999ರ ಕರ್ನಾಟಕ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಅಧಿನಿಯಮವು ಪಕ್ಷಪಾತವನ್ನು ತಡೆಯಲು ಬಂದದ್ದು. ಅದರ ಉದ್ದೇಶವನ್ನು ನಾವು ಮನಸಾರೆ ಒಪ್ಪುತ್ತೇವೆ. ಆದರೂ ಕೊಳ್ಳುವ ದಿನದ ಬೆಲೆಯೇ ಪೂರ್ಣ ಬೆಲೆಯಲ್ಲ. ಒಂದು ಪಂಪಿಗೆ 60,000 ರೂಪಾಯಿ, ಇನ್ನೊಂದಕ್ಕೆ 80,000 ರೂಪಾಯಿ ಎಂದು ಊಹಿಸೋಣ. ಎರಡೂ ಎತ್ತುವ ನೀರು ಒಂದೇ. ಆದರೆ ಅಗ್ಗದ್ದು ಗಂಟೆಗೆ ಐದು ಯೂನಿಟ್ಟು ವಿದ್ಯುತ್ತನ್ನು ನುಂಗಿದರೆ ಮತ್ತೊಂದು ನಾಲ್ಕನ್ನು ಮಾತ್ರ ಬೇಡುತ್ತದೆ. ದಿನಕ್ಕೆ ಆರು ಗಂಟೆಯಂತೆ ವರ್ಷಕ್ಕೆ 300 ದಿನ ನಡೆದರೆ ಉಳಿತಾಯವು 1,800 ಯೂನಿಟ್ಟು. ಯೂನಿಟ್ಟಿಗೆ ಆರು ರೂಪಾಯಿಯಾದರೆ 10,800 ರೂಪಾಯಿ. ಹೆಚ್ಚು ತೆತ್ತ 20,000 ರೂಪಾಯಿ ಎರಡು ವರ್ಷ ತುಂಬುವುದರೊಳಗೆ ಮರಳಿ ಬರುತ್ತದೆ. ಆದರೂ ಟೆಂಡರಿನಲ್ಲಿ ಗೆಲ್ಲುವುದು ಮೊದಲನೆಯದೇ! ಕೊಳ್ಳುವ ಇಲಾಖೆ ಒಂದು, ವಿದ್ಯುತ್ ಬಿಲ್ಲು ತೆರುವ ಕಚೇರಿ ಇನ್ನೊಂದು ಆಗಿದ್ದಲ್ಲಿ ಈ ನಷ್ಟವನ್ನು ಕೇಳುವವರೇ ಇರುವುದಿಲ್ಲ.

ಸರ್ಕಾರದ ಖರೀದಿಗೆ ಇರತಕ್ಕ ಶಕ್ತಿಯನ್ನು ನಾವು ಕಣ್ಣಾರೆ ಕಂಡಿದ್ದೇವೆ. ಕೇಂದ್ರದ ಎನರ್ಜಿ ಎಫಿಷಿಯನ್ಸಿ ಸರ್ವೀಸಸ್ ಸಂಸ್ಥೆಯು ಎಲ್‌ಇಡಿ ಬಲ್ಬುಗಳನ್ನು ಸಗಟಾಗಿ ಕೊಳ್ಳತೊಡಗಿದಾಗ, 2014ರಲ್ಲಿ 310 ರೂಪಾಯಿ ಇದ್ದ ಬೆಲೆಯು 2016ರಲ್ಲಿ 38 ರೂಪಾಯಿಗೆ ಇಳಿಯಿತು. ಉಜಾಲಾ ಯೋಜನೆಯ ಮೂಲಕ 36 ಕೋಟಿಗೂ ಮಿಕ್ಕು ಬಲ್ಬುಗಳು ಮನೆಮನೆಗೆ ಸೇರಿದುವು. 2022ರಲ್ಲಿ ಬೆಂಗಳೂರು ಸೇರಿ ಐದು ನಗರಗಳಿಗಾಗಿ 5,450 ವಿದ್ಯುತ್ ಬಸ್ಸುಗಳಿಗೆ ಒಂದೇ ಟೆಂಡರು ಕರೆಯಲಾಯಿತು. ಬಸ್ಸಿನ ಬೆಲೆಗೆ ಬದಲಾಗಿ, ಓಡಿದ ಕಿಲೋಮೀಟರಿಗೆ ಇಷ್ಟೆಂದು ತೆರುವ ಕ್ರಮವನ್ನು ಅದರಲ್ಲಿ ಅನುಸರಿಸಿದುದರಿಂದ, ವಾಹನದ ಪೂರ್ಣ ಆಯುಸ್ಸಿನ ವೆಚ್ಚವು ತಾನಾಗಿಯೇ ಲೆಕ್ಕಕ್ಕೆ ಬಂದಿತು.

ಹೀಗೆ ತೂಕ ಕೊಡಹೊರಟರೆ ಅಧಿಕಾರಿಗಳ ಇಷ್ಟಾನಿಷ್ಟಕ್ಕೆ ಬಾಗಿಲು ತೆರೆದಂತಾಗುವುದೆಂದು ಕೆಲವರು ಆಕ್ಷೇಪಿಸುವರು. ಆಕ್ಷೇಪಣೆ ಉಪೇಕ್ಷಿಸತಕ್ಕದ್ದಲ್ಲ. ಆದರೆ ಅದಕ್ಕೆ ಉತ್ತರವೂ ಉಂಟು. ನೆದರ್ಲೆಂಡ್ಸ್ ದೇಶದ ರೈಲು ಮಾರ್ಗಗಳ ಸಂಸ್ಥೆಯಾದ ಪ್ರೊರೇಲ್ 2009ರಲ್ಲಿ ಐದು ಮೆಟ್ಟಿಲುಗಳ ಏಣಿಯೊಂದನ್ನು ರಚಿಸಿತು. ಇಂಗಾಲಾಮ್ಲವನ್ನು ತಗ್ಗಿಸುವುದರಲ್ಲಿ ಮೇಲಿನ ಮೆಟ್ಟಿಲನ್ನು ಏರಿದ ಗುತ್ತಿಗೆದಾರನ ಬೆಲೆಯಿಂದ, ಹೋಲಿಕೆಯ ಸಲುವಾಗಿ ಮಾತ್ರ, ಮೊದಲೇ ಪ್ರಕಟಿಸಿದ ಪ್ರಮಾಣದಷ್ಟನ್ನು ಕಳೆಯುವರು. ಸಂದಾಯವಾಗುವುದು ನಿಜವಾದ ಬೆಲೆಯೇ. ಸೂತ್ರವು ಬಹಿರಂಗವಾಗಿದ್ದಲ್ಲಿ ಪಕ್ಷಪಾತಕ್ಕೆ ಎಡೆಯಿಲ್ಲ. ನಮ್ಮ ಕೇಂದ್ರ ಹಣಕಾಸು ಇಲಾಖೆಯೂ 2021ರ ಅಕ್ಟೋಬರಿನಲ್ಲಿ, ಕೆಲವು ಬಗೆಯ ಕಾಮಗಾರಿಗಳಲ್ಲಿ ಗುಣಕ್ಕೆ ಶೇಕಡಾ 30ರವರೆಗೆ ತೂಕ ಕೊಡಬಹುದೆಂದು ಅನುಮತಿಸಿದೆ. 2024ರ ಡಿಸೆಂಬರಿನಲ್ಲಿ ಉಕ್ಕಿನ ಇಲಾಖೆಯು, ಒಂದು ಟನ್ನಿಗೆ 2.2 ಟನ್ನಿಗಿಂತ ಕಡಿಮೆ ಇಂಗಾಲಾಮ್ಲವನ್ನು ಬಿಡುವ ಉಕ್ಕೇ ಹಸಿರು ಉಕ್ಕೆಂದು ಅಳತೆಗೋಲನ್ನು ಗೊತ್ತುಮಾಡಿತು. ಅಳತೆಗೋಲುಗಳು ಬರುತ್ತಿವೆ, ಅವುಗಳನ್ನು ಹಿಡಿದು ಅಳೆಯತಕ್ಕವರು ಬೇಕು.

ಇಲ್ಲಿಯೇ ವಿಶ್ವವಿದ್ಯಾನಿಲಯಗಳ ತರುಣ ಸಂಶೋಧನಾ ಸಹಾಯಕರ ನೆನಪು ನಮಗಾಗುತ್ತದೆ. ನೂರಾರು ಟೆಂಡರುಗಳನ್ನು ಜಾಲತಾಣದಿಂದ ತೆಗೆದು ಆದ್ಯಂತವಾಗಿ ಓದುವುದು ಇವರ ಕೆಲಸ. ಪರಿಸರದ ಮಾತು ಪೀಠಿಕೆಯಲ್ಲಿ ಮಾತ್ರ ಇದೆಯೇ, ಸಾಮಾನಿನ ಲಕ್ಷಣದಲ್ಲಿದೆಯೇ, ಗೆಲುವನ್ನು ತೀರ್ಮಾನಿಸುವ ಅಂಕಗಳಲ್ಲಿದೆಯೇ, ಕರಾರಿನ ಷರತ್ತಿನಲ್ಲಿದೆಯೇ ಎಂದು ಇವರು ಬೇರೆಬೇರೆಯಾಗಿ ಗುರುತಿಸಬೇಕು. ಷರತ್ತಿನಂತೆ ಸಾಮಾನು ಬಂದಿತೇ ಎಂಬುದನ್ನೂ ಬೆನ್ನಟ್ಟಬೇಕು. ಪೀಠಿಕೆಯಲ್ಲಿ ಭೂಮಾತೆಯ ಸ್ತೋತ್ರ, ಅಂಕಗಳ ಪಟ್ಟಿಯಲ್ಲಿ ಬೆಲೆಯೊಂದೇ ಎಂದಾದರೆ, ಹೇಳುವುದು ಶಾಸ್ತ್ರ, ತಿನ್ನುವುದು ಬದನೆಕಾಯಿ ಎಂಬ ಗಾದೆಯು ಅಲ್ಲಿ ನಿಜವಾಗುತ್ತದೆ. ಈ ಅಂತರವನ್ನು ಅಂಕಿಗಳಿಂದ ತೋರಿಸತಕ್ಕವರು ಈ ತರುಣರು. ಕೆಲಸವು ನೀರಸವಾದದ್ದು, ಕಣ್ಣು ದಣಿಸತಕ್ಕದ್ದು. ಕೀರ್ತಿಯು ಬಹುಮಟ್ಟಿಗೆ ಇನ್ನೊಬ್ಬರಿಗೆ ಸಲ್ಲತಕ್ಕದ್ದು. ಆದರೂ ಇದು ದೇಶಸೇವೆಯೇ ಸರಿ.

ನಾವು ಕೇಳತಕ್ಕದ್ದು ಹೆಚ್ಚಿನದೇನೂ ಅಲ್ಲ. ಟೆಂಡರಿನ ಕಾಗದಗಳು ಮಾತ್ರವಲ್ಲದೆ, ಕೊಂಡ ಮೇಲಿನ ಫಲಿತಾಂಶಗಳೂ ಓದುಗರ ಕೈಗೆ ಸಿಗಬೇಕು. ಪಂಪು, ದೀಪ, ವಾಹನ ಮೊದಲಾದ ವಿದ್ಯುತ್ತನ್ನೋ ಎಣ್ಣೆಯನ್ನೋ ಬೇಡತಕ್ಕ ಸಾಮಾನುಗಳನ್ನು ಅವುಗಳ ಆಯುಸ್ಸಿನ ವೆಚ್ಚದಿಂದಲೇ ತೂಗಬೇಕು. ಪ್ರಮಾಣಪತ್ರದ ಖರ್ಚನ್ನು ತಾಳಲಾರದ ಸಣ್ಣ ಕಾರಖಾನೆಗಳಿಗೆ ಸರ್ಕಾರವೇ ಪರೀಕ್ಷೆಯ ಅನುಕೂಲ ಮಾಡಿಕೊಡಬೇಕು. ಇಲ್ಲವಾದರೆ ಹಸಿರಿನ ಹೆಸರಿನಲ್ಲಿ ಬಡ ಉದ್ಯಮಿಯು ಹೊರದೂಡಲ್ಪಡುವನು. ಸಂಶೋಧನಾ ಸಹಾಯಕರಿಗೆ ಯೋಗ್ಯ ವೇತನವೂ, ವರದಿಯಲ್ಲಿ ಹೆಸರೂ ಸಲ್ಲಬೇಕು.

ಸಹಿ ಹಾಕುವ ಅಧಿಕಾರಿಗೆ ಕಾಣುವುದು ಇಂದಿನ ಬೆಲೆ. ಉಳಿದ ಬೆಲೆಯನ್ನು ತೆರತಕ್ಕವನು ಮಳೆಯ ದಾರಿ ನೋಡುತ್ತಾ ಕುಳಿತ ಬಯಲುಸೀಮೆಯ ರೈತ. ಅವನ ಲೆಕ್ಕವೂ ಟೆಂಡರಿನ ಲೆಕ್ಕದಲ್ಲಿ ಸೇರಲಿ ಎಂಬುದೇ ನಮ್ಮ ವಿಜ್ಞಾಪನೆ.