ಕ್ಷಯರೋಗಿಗಳು ಚಿಕಿತ್ಸೆಯನ್ನು ನಡುವೆಯೇ ನಿಲ್ಲಿಸಲು ಕಾರಣಗಳು

ಕ್ಷಯರೋಗದ ಔಷಧಿಗಳನ್ನು ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತವಾಗಿ ನೀಡಲಾಗುತ್ತಿದೆ. ಆದಾಗ್ಯೂ ಕೆಲವು ರೋಗಿಗಳು ಅವಧಿ ಪೂರ್ಣಗೊಳ್ಳುವ ಮುನ್ನವೇ ಮಾತ್ರೆ ಸೇವನೆಯನ್ನು ನಿಲ್ಲಿಸುತ್ತಾರೆ. ಇದನ್ನು ಕೇವಲ ರೋಗಿಯ ಉದಾಸೀನವೆಂದು ಪರಿಗಣಿಸುವುದು ಸಮಂಜಸವಲ್ಲ.

ಔಷಧಿಗೆ ಬಗ್ಗುವ ಕ್ಷಯರೋಗಕ್ಕೆ ಚಿಕಿತ್ಸೆಯ ಅವಧಿ ಸಾಮಾನ್ಯವಾಗಿ 6 ತಿಂಗಳು. ಮೊದಲ 2 ತಿಂಗಳು 4 ಬಗೆಯ, ನಂತರದ 4 ತಿಂಗಳು 3 ಬಗೆಯ ಔಷಧಿಗಳನ್ನು ಪ್ರತಿದಿನ ಸೇವಿಸಬೇಕು. ಆದರೆ ಕೆಲವೇ ವಾರಗಳಲ್ಲಿ ಜ್ವರ ಇಳಿದು, ಕೆಮ್ಮು ತಗ್ಗಿ, ಹಸಿವು ಮರಳುತ್ತದೆ. ತೊಡಕು ಆರಂಭವಾಗುವುದು ಇಲ್ಲಿಯೇ. ಗುಣವಾಯಿತೆಂಬ ಭಾವನೆ ಮೂಡುತ್ತದೆ. ದಿನಗೂಲಿಯವರು ಕೆಲಸಕ್ಕೆ ಮರಳುತ್ತಾರೆ. ಮಾತ್ರೆ ತರಲು ಹೋದ ದಿನ ಅವರಿಗೆ ಕೂಲಿ ತಪ್ಪುತ್ತದೆ. ವಾಸ್ತವವಾಗಿ ಶರೀರದಲ್ಲಿ ಉಳಿದ ರೋಗಾಣುಗಳ ನಾಶಕ್ಕೆ ಉಳಿದ ತಿಂಗಳುಗಳ ಔಷಧಿ ಅವಶ್ಯ. ಅರ್ಧಕ್ಕೆ ನಿಲ್ಲಿಸಿದಲ್ಲಿ ರೋಗ ಮರುಕಳಿಸಬಹುದು, ರೋಗಾಣುಗಳು ಔಷಧಿಗೆ ಬಗ್ಗದಂತಾಗಬಹುದು. ಅಂತಹ ರೋಗವು ಮನೆಯವರಿಗೂ ಅದೇ ರೂಪದಲ್ಲಿ ಹರಡಬಲ್ಲದು.

ಅಡ್ಡಪರಿಣಾಮಗಳ ಭಯ ಇನ್ನೊಂದು ಕಾರಣ. ರಿಫಾಂಪಿಸಿನ್ ಔಷಧಿಯಿಂದ ಮೂತ್ರವು ಕಿತ್ತಳೆ-ಕೆಂಪು ಬಣ್ಣಕ್ಕೆ ತಿರುಗುತ್ತದೆ. ಮೊದಲೇ ತಿಳಿಸದಿದ್ದಲ್ಲಿ ರೋಗಿಯು ರಕ್ತವೆಂದು ಗಾಬರಿಗೊಳ್ಳುವುದು ಸಹಜ, ಇದು ಅಪಾಯಕರವಲ್ಲ. ವಾಕರಿಕೆ, ಕೀಲುನೋವುಗಳಿಗೆ ವೈದ್ಯರಲ್ಲಿ ಪರಿಹಾರವಿದೆ. ಆದರೆ ಕಣ್ಣು ಹಳದಿಯಾದಲ್ಲಿ ಅಥವಾ ದೃಷ್ಟಿ ಮಂದವಾದಲ್ಲಿ ಅದೇ ದಿನ ವೈದ್ಯರನ್ನು ಕಾಣತಕ್ಕದ್ದು. ಮುಂದಿನ ಮಾತ್ರೆಯ ಬಗ್ಗೆ ಅವರೇ ತೀರ್ಮಾನಿಸುವರು.

ನೆರೆಹೊರೆಯವರಿಗೆ ತಿಳಿದೀತೆಂಬ ಅಂಜಿಕೆ, ಮದ್ಯಪಾನ ಇವೂ ಚಿಕಿತ್ಸೆಗೆ ಅಡ್ಡಿಯಾಗುತ್ತವೆ.

ಯಾದಗಿರಿ, ರಾಯಚೂರು ಮುಂತಾದ ಜಿಲ್ಲೆಗಳಿಂದ ಕಟ್ಟಡ ಕೆಲಸಕ್ಕಾಗಿ ಬೆಂಗಳೂರಿಗೆ ತೆರಳುವವರು ಚಿಕಿತ್ಸೆಯನ್ನು ಊರಿನಲ್ಲಿಯೇ ಬಿಟ್ಟು ಹೋಗಬೇಕಾಗಿಲ್ಲ. ಹೊರಡುವ ಮುನ್ನ ಆರೋಗ್ಯ ಕೇಂದ್ರಕ್ಕೆ ತಿಳಿಸಿದಲ್ಲಿ, ನಿಕ್ಷಯ್ ಗುರುತಿನ ಸಂಖ್ಯೆಯ ಆಧಾರದ ಮೇಲೆ ಚಿಕಿತ್ಸೆಯನ್ನು ಹೊಸ ಸ್ಥಳಕ್ಕೆ ವರ್ಗಾಯಿಸಲಾಗುವುದು. ಈ ಸೌಲಭ್ಯವು ಅನೇಕರಿಗೆ ತಿಳಿದಿಲ್ಲವೆಂಬುದು ವಿಷಾದನೀಯ.

ಏಪ್ರಿಲ್ 2018 ರಲ್ಲಿ ಜಾರಿಗೆ ಬಂದ ನಿಕ್ಷಯ್ ಪೋಷಣ್ ಯೋಜನೆಯಡಿ ಮಾಸಿಕ ರೂ. 500 ನೀಡಲಾಗುತ್ತಿದ್ದು, ನವೆಂಬರ್ 2024 ರಿಂದ ಅದನ್ನು ರೂ. 1,000 ಕ್ಕೆ ಹೆಚ್ಚಿಸಲಾಗಿದೆ. ಇದು ಪೌಷ್ಟಿಕ ಆಹಾರಕ್ಕೆ ನೆರವೇ ಹೊರತು ತಪ್ಪಿದ ಕೂಲಿಗೆ ಪರ್ಯಾಯವಲ್ಲ. ಅರ್ಹರು ಬ್ಯಾಂಕ್ ಖಾತೆಯ ವಿವರಗಳನ್ನು ಚಿಕಿತ್ಸೆ ಪಡೆಯುವ ಕೇಂದ್ರದಲ್ಲಿ ಸಲ್ಲಿಸತಕ್ಕದ್ದು.

ಮಾತ್ರೆ ತಪ್ಪಿಹೋದಲ್ಲಿ ಎರಡು ದಿನದ್ದನ್ನು ಒಟ್ಟಿಗೆ ಸೇವಿಸಕೂಡದು. ಸಂಕೋಚಪಡದೆ ಆಶಾ ಕಾರ್ಯಕರ್ತೆಯರನ್ನು, ಸಮೀಪದ ಪ್ರಾಥಮಿಕ ಆರೋಗ್ಯ ಕೇಂದ್ರವನ್ನು ಅಥವಾ ಉಚಿತ ಸಹಾಯವಾಣಿ 1800-11-6666 ಅನ್ನು ಸಂಪರ್ಕಿಸಲು ಕೋರಲಾಗಿದೆ.