ಡ್ಯಾಂ ತುಂಬಿತು, ಆದರೆ ಎಷ್ಟು?



ಮಳೆಗಾಲ ಬಂತೆಂದರೆ ಕೋಲ್ಕತ್ತದಲ್ಲಿರುವ ನಮಗೆ ಎರಡು ಕಡೆಯ ಅಣೆಕಟ್ಟುಗಳ ಸುದ್ದಿ. ಇಲ್ಲಿನ ಪತ್ರಿಕೆ ತೆರೆದರೆ ದಾಮೋದರ ಕಣಿವೆಯ ಮೈಥಾನ್, ಪಂಚೇತ್‌ಗಳಿಂದ ಎಷ್ಟು ನೀರು ಬಿಟ್ಟರು ಎಂಬ ಲೆಕ್ಕ. ಊರಿನಿಂದ ಫೋನ್ ಬಂದರೆ "ತುಂಗಭದ್ರಾ ತುಂಬಿತಂತೆ!" ಎಂಬ ಸಂತಸ.

ತುಂಬಿತು, ನಿಜ. ಆದರೆ 1953ರಲ್ಲಿ ಸುಮಾರು 133 ಟಿಎಂಸಿ ಹಿಡಿಯುತ್ತಿದ್ದ ಆ ಜಲಾಶಯದಲ್ಲಿ 2016ರ ಸಮೀಕ್ಷೆಯಂತೆ ನಿಲ್ಲುವುದು 105.788 ಟಿಎಂಸಿ ಮಾತ್ರ. ಉಳಿದ ಜಾಗ ಹೂಳಿನ ಪಾಲು.

"ಹೂಳು ತಳದಲ್ಲಿ ತಾನೇ ಕೂರುವುದು? ತೂಬಿನ ಕೆಳಗಿನ ಡೆಡ್ ಸ್ಟೋರೇಜ್ ಇರುವುದೇ ಅದಕ್ಕಲ್ಲವೇ?" ಎಂದು ನೀವು ಕೇಳಬಹುದು. ನಾನೂ ಹಾಗೆಯೇ ಅಂದುಕೊಂಡಿದ್ದೆ. ಆದರೆ ಹೂಳು ಎಲ್ಲಿ ಕೂರುತ್ತದೆ ಎನ್ನುವುದಕ್ಕೆ ಜಲಾಶಯದ ಆಕಾರವೂ ಮುಖ್ಯ.

ಅಡುಗೆಮನೆಯಲ್ಲೇ ನೋಡಿ. ನೇರ ಲೋಟದಲ್ಲಿ ನೀರಿನ ಎತ್ತರ ಎರಡು ಪಟ್ಟಾದರೆ ನೀರೂ ಎರಡು ಪಟ್ಟು. ಬಾಯಿ ಅಗಲವಾದ ಬಾಣಲೆಯಲ್ಲಾದರೆ ಮೂರು-ನಾಲ್ಕು ಪಟ್ಟು. 1958ರಲ್ಲಿ ಅಮೆರಿಕದ ಇಂಜಿನಿಯರುಗಳಾದ ಬೋರ್ಲಂಡ್ ಮತ್ತು ಮಿಲ್ಲರ್ ಇದೇ ಬಗೆಯ ಅಳತೆಯಿಂದ ಜಲಾಶಯಗಳನ್ನು ನಾಲ್ಕು ಗುಂಪು ಮಾಡಿದರು. ಆಳ ಎರಡು ಪಟ್ಟಾದಾಗ ನೀರು ಮೂರು ಪಟ್ಟಿನೊಳಗಿದ್ದರೆ ಅದು ಕಮರಿಯ ಜಲಾಶಯ. ಆರು ಪಟ್ಟಿನೊಳಗಿದ್ದರೆ ಗುಡ್ಡದ್ದು. ಹನ್ನೊಂದರ ತನಕ ಬಯಲು-ತಪ್ಪಲಿನದು. ಅದಕ್ಕೂ ಮೀರಿದರೆ ಸರೋವರದಂಥದು.

ಇದರಿಂದೇನು ಪ್ರಯೋಜನ? ಕಿರಿದಾದ ಕಮರಿಯಲ್ಲಿ ಹೂಳು ಹೆಚ್ಚಾಗಿ ತಳಕ್ಕೆ ಹೋಗುತ್ತದೆ. ಸರೋವರದಂತೆ ಹರಡಿದ ಕಡೆ, ನದಿ ಒಳಬರುತ್ತಿದ್ದಂತೆ ಓಟ ತಗ್ಗಿ, ಮರಳು ಮೇಲ್ಭಾಗದಲ್ಲೇ ಇಳಿದುಬಿಡುತ್ತದೆ. ಅಂದರೆ ನಾವು ಬಳಸುವ ನೀರಿನ ಜಾಗವೇ ತುಂಬುತ್ತದೆ. ಉಳಿದೆರಡು ಗುಂಪುಗಳದ್ದು ಇವುಗಳ ನಡುವಿನ ಕಥೆ. ಇನ್ನು ಐವತ್ತು ವರ್ಷಕ್ಕೆ ಯಾವ ಮಟ್ಟದಲ್ಲಿ ಎಷ್ಟು ನೀರು ಉಳಿದೀತು ಎಂದು ಅಂದಾಜು ಮಾಡಲು ಇಂಜಿನಿಯರುಗಳಿಗೆ ಈ ವಿಂಗಡಣೆ ಬೇಕು.

ತುಂಗಭದ್ರೆಯ ಹಿನ್ನೀರು ಸುಮಾರು 378 ಚದರ ಕಿ.ಮೀ. ಹರಡಿದೆ. ಅಲ್ಲಿ ಕಳೆದುಹೋದ ಸುಮಾರು 27 ಟಿಎಂಸಿ, ಡೆಡ್ ಸ್ಟೋರೇಜಿಗಿಂತ ಎಷ್ಟೋ ಹೆಚ್ಚು. ಹೀಗೆ ನೀರು ಸಾಲದಾದಾಗ ಮೊದಲ ಪೆಟ್ಟು ಎರಡನೆಯ ಬೆಳೆಗೆ, ಕಾಲುವೆಯ ಕೊನೆಯ ರೈತನಿಗೆ.

ಮುಂದಿನ ಸಲ ಊರಿನವರು "ಡ್ಯಾಂ ತುಂಬಿತು" ಎಂದರೆ ಖುಷಿಪಡಿ. ಜೊತೆಗೆ "ಎಷ್ಟು ಟಿಎಂಸಿ?" ಎಂದೂ ಕೇಳಿ. ಉತ್ತರ ನಮಗೂ ಬರೆದು ತಿಳಿಸಿ. ಮತ್ತೆ ಕನ್ನಡದ ವೇಳೆಯಲ್ಲಿ ಭೇಟಿಯಾಗೋಣ.